ನಡುಮನೆಯ ಆಕಾಶಕ್ಕೆ ಬಾಡಿಗೆ ಎಷ್ಟು?

ಬರೆಯದೇ ತಿಂಗಳುಗಟ್ಟಲೆ ಆಗೋಯ್ತು. ರಿಲೀಸು, ಡೆಡ್‌ಲೈನು ಅಂತ ನೆಪ ಹೇಳಬಹುದು, ನಿಜವಾದ ಕಾರಣ ಸೋಮಾರಿತನ :-) ಇವತ್ತು ಮಾತ್ರ ಬರೀಲೇಬೇಕು ಅನ್ನಿಸ್ತು. ಮುಂದಿನ ತಿಂಗಳು ನಮ್ಮ ಮನೆತನದ ವಾಟ್ನಿ ಇದೆ. ವಾಟ್ನಿ ಅಂದ್ರೆ ಆಸ್ತಿ ಪಾಲು, ನಮ್ಮ ಜಮಖಂಡಿ-ಬನಹಟ್ಟಿ ಕಡೆ ಹಾಗೇ ಅನ್ನೋದು. ಹೊಲದ ವಾಟ್ನಿ ಅಜ್ಜ ಇದ್ದಾಗಲೇ ಮುಗಿದಿದೆ. ಉಳಿದಿರೋದು ಬನಹಟ್ಟಿಯ ಹಳೇ ಮನೆ. ಉತಾರದಲ್ಲಿ ಐದು ಹೆಸರು: ದೊಡ್ಡಪ್ಪ, ನಮ್ಮಪ್ಪ, ಕಾಕಾ, ಇಬ್ಬರು ಅತ್ತೆಯಂದಿರು. ಐದರಲ್ಲಿ ನಾಲ್ಕು ಜನ "ಕೆಡವಿ ಹಂಚಿಕೊಳ್ಳೂಣು" ಅಂತಾರೆ. ನಮ್ಮಪ್ಪ ಏನೂ ಅನ್ನಲ್ಲ, ಸುಮ್ಮನೆ ಪೇಪರ್ ಓದ್ತಾರೆ. ನನ್ನ ಮಾತಿಗೆ ಆ ಸಭೆಯಲ್ಲಿ ಅಷ್ಟೇನೂ ಬೆಲೆ ಇಲ್ಲ. ಅದಕ್ಕೇ ಇಲ್ಲಿ ಬರೀತಿದೀನಿ, ನೀವಾದ್ರೂ ಕೇಳ್ತೀರಿ ಅಂತ.

ಆದ್ರೆ ಕಥೆ ಶುರುವಾಗೋದು ಬನಹಟ್ಟಿಯಲ್ಲಲ್ಲ, ಮೊರಾಕ್ಕೋದಲ್ಲಿ. ಸ್ವಲ್ಪ ತಾಳ್ಮೆಯಿಂದ ಕೇಳಿ.

ಹೋದ ವರ್ಷ ಆಫೀಸಿನವರು ಮೂರು ತಿಂಗಳು ಪ್ಯಾರಿಸ್‌ಗೆ ಕಳಿಸಿದ್ರು. ಅಲ್ಲಿಂದ ಮರಾಕೆಶ್ ಮೂರೂವರೆ ತಾಸಿನ ವಿಮಾನ ಪ್ರಯಾಣ. ಸಸ್ತಾ ಟಿಕೆಟ್ ಸಿಕ್ತು, ಇ-ವೀಸಾ ಆಯ್ತು, ಹೊರಟುಬಿಟ್ಟೆ. ಅಲ್ಲಿ ಉಳಕೊಂಡಿದ್ದು ರಿಯಾದ್ ಅನ್ನೋ ಥರದ ಮನೆಯಲ್ಲಿ. ಸೌದಿಯ ರಾಜಧಾನಿ ಅಲ್ಲ ಮತ್ತೆ! ಆದ್ರೆ ಎರಡು ಹೆಸರಿಗೂ ಮೂಲ ಒಂದೇ, ಅರಬ್ಬಿಯಲ್ಲಿ ತೋಟ ಅಂತ ಅರ್ಥ. ಮನೆಯ ನಡುವೆ ತೋಟ ಇದ್ರೆ ರಿಯಾದ್, ಬರೀ ಸಣ್ಣ ಅಂಗಳ ಇದ್ರೆ ದಾರ್. ಈಗ ಪ್ರವಾಸಿಗರಿಗೆ ಕೊಡೋ ಎಲ್ಲ ಹಳೇ ಮನೆಗಳಿಗೂ ರಿಯಾದ್ ಅಂತಲೇ ಬೋರ್ಡು.

ಕೋಟೆಯೊಳಗಿನ ಹಳೇ ಊರಿಗೆ ಮದೀನಾ ಅಂತಾರೆ. ಸಂದಿಗಳು ಎಷ್ಟು ಕಿರಿದು ಅಂದ್ರೆ ಎದುರಿಗೆ ಕತ್ತೆಗಾಡಿ ಬಂದ್ರೆ ಗೋಡೆಗೆ ಅಂಟಿ ನಿಲ್ಲಬೇಕು. ಮೊಬೈಲಿನ ಮ್ಯಾಪ್ ಕೈಕೊಡ್ತು. ಎರಡೂ ಕಡೆ ಕಿಟಕಿಯೇ ಇಲ್ಲದ ಕೆಮ್ಮಣ್ಣು ಬಣ್ಣದ ಗೋಡೆ. ಕೊನೆಗೆ ಒಂದು ಹುಡುಗ ಬಂದು ಬಗ್ಗಿ ಹೋಗುವಂಥ ಬಾಗಿಲು ತೋರಿಸಿದ. ಒಳಗೆ ಕತ್ತಲು, ಒಂದು ತಿರುವು (ಬೀದಿಯಲ್ಲಿ ಹೋಗೋರಿಗೆ ಒಳಗಿನದು ಕಾಣಬಾರದು ಅಂತ), ಆಮೇಲೆ ಒಮ್ಮೆಲೇ ಬೆಳಕು. ನಡುವೆ ತೆರೆದ ಅಂಗಳ, ನಾಲ್ಕು ಕಿತ್ತಳೆ ಗಿಡ, ಪುಟ್ಟ ಕಾರಂಜಿ. ಸುತ್ತಲೂ ಕೋಣೆಗಳು, ಎಲ್ಲ ಕೋಣೆಗಳ ಬಾಗಿಲು-ಕಿಟಕಿ ಅಂಗಳದ ಕಡೆಗೇ. ಮೇಲೆ ಚೌಕಾಕಾರದ ನೀಲಿ ಆಕಾಶ.

ನಾನು ಬ್ಯಾಗ್ ಕೆಳಗಿಡೋದನ್ನೂ ಮರೆತು ನಿಂತಿದ್ದೆ. ಬಾಯಿಗೆ ಬಂದ ಮೊದಲ ಮಾತು, "ಏ, ಇದು ನಮ್ಮ ಮನಿ ಹಾಂಗ ಐತೆಲ್ಲಾ!"

ಮೂರು ರಾತ್ರಿ ಇದ್ದೆ. ರಾತ್ರಿಗೆ ನಮ್ಮ ರೂಪಾಯಿಯಲ್ಲಿ ಐದು ಸಾವಿರದ ಹತ್ತಿರ. ಬೆಳಿಗ್ಗೆ ಮ್ಸೆಮೆನ್ ಅಂತ ಒಂದು ತಿಂಡಿ ಕೊಡ್ತಿದ್ರು. ಹೆಸರಿಗೆ ಹೆದರಬೇಡಿ, ಮಡಚಿ ಮಡಚಿ ಬೇಯಿಸಿದ ಚಪಾತಿ, ಜೇನುತುಪ್ಪದ ಜೊತೆ. ಪುದೀನ ಚಹಾ ಹೀರ್ತಾ ಅಂಗಳದಲ್ಲಿ ಕೂತು, ಊರಿಗೆ ಫೋನ್ ಮಾಡಿದಾಗ ಕಾಕಾ ಹೇಳಿದ್ದು: "ಕಾಂಟ್ರಾಕ್ಟರ್ ಬಂದು ಅಳತಿ ಮಾಡಿಕೊಂಡು ಹೋದಾ. ನಡುವ ಸುಮ್ಮ ಬಿಟ್ಟ ಜಾಗಾನ ಭಾಳ ಐತಿ ಅಂದಾ." ಸುಮ್ಮನೆ ಬಿಟ್ಟ ಜಾಗ! ನಾನು ಅಂಥದೇ ಜಾಗದಲ್ಲಿ ಕೂರೋಕೆ ದಿನಕ್ಕೆ ಐದು ಸಾವಿರ ಕೊಡ್ತಾ ಕೂತಿದ್ದೆ.

ಈಗ ನಮ್ಮ ಮನೆಯ ವಿಷಯ. ಮುತ್ತಜ್ಜ ಕಟ್ಟಿಸಿದ್ದು, ನೂರು ವರ್ಷದ ಹತ್ತಿರ ಆಗಿರಬೇಕು. ನಮ್ಮ ಕಡೆ ಮನೆಯನ್ನ ಚದರಡಿಯಲ್ಲಿ ಅಳೀತಿರಲಿಲ್ಲ, ಅಂಕಣದಲ್ಲಿ ಅಳೀತಿದ್ರು. ಕಂಬದಿಂದ ಕಂಬಕ್ಕೆ ಒಂದು ಅಂಕಣ. ತಲಬಾಗಿಲು ದಾಟಿದ ಕೂಡಲೇ ದನ ಕಟ್ಟೋ ಅಂಕಣ, ಈಗ ಅಲ್ಲಿ ಎರಡು ಬೈಕು ನಿಲ್ತಾವೆ. ಮೂರು ಮೆಟ್ಟಿಲು ಹತ್ತಿದ್ರೆ ಪಡಸಾಲಿ. ಅಜ್ಜನ ಕಾಲದಲ್ಲಿ ಪಡಸಾಲಿಯಲ್ಲಿ ಎರಡು ಕುಣಿ ಮಗ್ಗ ಇದ್ದವಂತೆ. ನೆಲದಲ್ಲಿ ಕುಣಿ ತೋಡಿ, ಅದರೊಳಗೆ ಕಾಲಿಳಿಸಿ ಕೂತು ನೇಯೋದು. ಮುಂದೆ ನಡುವೆ ತೆರೆದ ಜಾಗ, ಅದಕ್ಕೆ ಚೌಕ ಅಂತೀವಿ. ಚೌಕದ ಸುತ್ತ ಅಡುಗೆ ಮನೆ, ದೇವರ ಮನೆ, ಕೋಣೆಗಳು. ಹೆಂಗಸರು ಕಂಡಿಕೆ ಸುತ್ತುತ್ತಿದ್ದಿದ್ದು, ಶ್ಯಾವಿಗೆ ಹೊಸೀತಿದ್ದಿದ್ದು, ಹಪ್ಪಳ ಒಣಗಿಸ್ತಿದ್ದಿದ್ದು, ಮಕ್ಕಳಿಗೆ ಎಣ್ಣೆ ಹಚ್ಚಿ ಎರೀತಿದ್ದಿದ್ದು ಎಲ್ಲ ಆ ಚೌಕದಲ್ಲೇ. ಅಜ್ಜನ ಹೆಣ ಕೂರಿಸಿದ್ದೂ ಅಲ್ಲೇ.

ಮೇಲೆ ಹೆಂಚಿಲ್ಲ, ಮೇಲ್ಮುದ್ದಿ. ದಪ್ಪ ತೊಲೆ, ಅದರ ಮೇಲೆ ಜಂತಿ, ಅದರ ಮೇಲೆ ಸವುಳು ಮಣ್ಣು. ಕೋಣೆಗಳಿಗೆ ಬೀದಿ ಕಡೆ ಕಿಟಕಿ ಇಲ್ಲ, ಮಾಳಿಗೆಯಲ್ಲಿ ಬೆಳಕಿಂಡಿ. ಕಿಂಡಿಯಿಂದ ಬೀಳೋ ಬಿಸಿಲಿನ ಚುಕ್ಕೆ ಗೋಡೆ ಮೇಲೆ ಎಲ್ಲಿದೆ ಅಂತ ನೋಡಿ ಆಯಿ ಗಂಟೆ ಹೇಳ್ತಿದ್ದಳು. ಐದು ಹತ್ತು ನಿಮಿಷಕ್ಕಿಂತ ಹೆಚ್ಚು ತಪ್ಪುತ್ತಿರಲಿಲ್ಲ.

ಎಂಜಿನಿಯರಿಂಗ್ ಓದಿದವನು ಅಂತ ಒಂದು ಪ್ಯಾರಾ ಸಹಿಸಿಕೊಳ್ಳಿ :-) ಎರಡು ಅಡಿ ದಪ್ಪದ ಕಲ್ಲು-ಮಣ್ಣಿನ ಗೋಡೆ ಹಗಲೆಲ್ಲ ಬಿಸಿಲು ಕುಡಿಯತ್ತೆ. ಆ ಬಿಸಿ ಗೋಡೆ ದಾಟಿ ಒಳಗೆ ಬರೋ ಹೊತ್ತಿಗೆ ಸಂಜೆ ಆಗಿರತ್ತೆ. ಅಷ್ಟೊತ್ತಿಗೆ ನಾವು ಹಾಸಿಗೆ ತಗೊಂಡು ಮಾಳಿಗೆ ಮೇಲೆ ಹೋಗಿರ್ತೀವಿ. ರಾತ್ರಿಯ ತಂಪು ಗಾಳಿ ಭಾರ, ಚೌಕದೊಳಗೆ ಇಳಿದು ನಿಲ್ಲತ್ತೆ. ಬೆಳಿಗ್ಗೆ ಸೂರ್ಯ ನೆತ್ತಿಗೆ ಬರೋತನಕ ಆ ತಂಪು ಕೋಣೆಗಳಿಗೆ ಸಿಗತ್ತೆ. ಮರಾಕೆಶ್‌ನಲ್ಲೂ ಇದೇ ಲೆಕ್ಕ. ಸಹಾರಾದ ಅಂಚಿನವರೂ ಕೃಷ್ಣಾ ದಂಡೆಯವರೂ ಒಬ್ಬರನ್ನೊಬ್ಬರು ನೋಡದೇ ಒಂದೇ ಉತ್ತರ ಬರೆದಿದ್ದಾರೆ, ಯಾಕಂದ್ರೆ ಪ್ರಶ್ನೆ ಒಂದೇ: ನಲವತ್ತು ಡಿಗ್ರಿ ಬಿಸಿಲಲ್ಲಿ ಬದುಕೋದು ಹೇಗೆ?

ಇದು ನಮ್ಮ ಮನೆ ಒಂದರ ಕಥೆಯಲ್ಲ. ಜಮಖಂಡಿ ಪಟವರ್ಧನರ ಸಂಸ್ಥಾನ, ಮುಧೋಳ ಘೋರ್ಪಡೆಯವರದು. 1948ರಲ್ಲಿ ಎರಡೂ ಮುಂಬೈ ಪ್ರಾಂತ್ಯಕ್ಕೆ ಸೇರಿದವು, 1956ರಲ್ಲಿ ನಾವೆಲ್ಲ ಮೈಸೂರು ರಾಜ್ಯದವರಾದ್ವಿ. ಮರಾಠಿಯ ವಾಡಾ ನಮ್ಮಲ್ಲಿ ವಾಡೆ ಆಯ್ತು. ಸರದಾರರು, ದೇಸಾಯರು, ದೇಶಪಾಂಡೆಯವರು, ಸಾಹುಕಾರರು ಕಟ್ಟಿಸಿದ ದೊಡ್ಡ ವಾಡೆಗಳಿಗೆ ಎರಡೆರಡು ಚೌಕ. ನಮ್ಮಂಥ ನೇಕಾರ-ರೈತರ ಮನೆಗೆ ಒಂದು, ಬಡವರಿಗೆ ಬರೀ ಬೆಳಕಿಂಡಿ. ಈ ಊರುಗಳ ಹಳೇ ಓಣಿಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಕೆತ್ತನೆಯ ಬಾಗಿಲುವಾಡದ ಪಕ್ಕದಲ್ಲೇ ರೋಲಿಂಗ್ ಶಟರ್, ಅದರ ಪಕ್ಕ ಅರ್ಧ ಕೆಡವಿದ ಗೋಡೆ, ಗೋಡೆಯಲ್ಲಿ ದೀಪದ ಗೂಡು ಇನ್ನೂ ಕರೀ ಮಸಿ ಹಿಡಿದು ನಿಂತಿರತ್ತೆ.

ಯಾಕೆ ಕೆಡವ್ತಾರೆ? ಜನಕ್ಕೆ ಹಳೇದರ ಬೆಲೆ ಗೊತ್ತಿಲ್ಲ ಅಂತ ನಮ್ಮಂಥ ಬೆಂಗಳೂರಿನಲ್ಲಿ ಕೂತವರು ಸುಲಭವಾಗಿ ಹೇಳ್ತೀವಿ. ನಾನೂ ಹೇಳ್ತಿದ್ದೆ. ಈಗ ಹೇಳಲ್ಲ.

ಮೊದಲನೇ ಕಾರಣ ಚೌಕವೇ. ಕೋಣೆ ಹಂಚಬಹುದು, ಚೌಕ ಹಂಚೋಕೆ ಬರಲ್ಲ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಅದು ಶೇರ್ಡ್ ಮೆಮೊರಿ. ಎಲ್ಲರೂ ಬಳಸ್ತಾರೆ, ಯಾರ ಹೆಸರಲ್ಲೂ ಇಲ್ಲ, ಜಗಳ ಆಗೋದು ಅಲ್ಲೇ. ಅಜ್ಜನಿಗೆ ಐದು ಮಕ್ಕಳು. 2005ರ ತಿದ್ದುಪಡಿ ಆದಮೇಲೆ ಹೆಣ್ಣುಮಕ್ಕಳಿಗೂ ಸಮಪಾಲು, ಅದು ಸರಿಯಾಗೇ ಇದೆ. ಆದ್ರೆ ಹದಿನೆಂಟು ಅಡಿಯ ಚೌಕವನ್ನ ಐದು ಮಾಡಿದ್ರೆ ಪ್ರತಿಯೊಬ್ಬರಿಗೂ ಒಂದು ಹಾಸಿಗೆ ಹಾಸೋ ಅಷ್ಟು ಜಾಗ. ಪಕ್ಕದ ಮನೆಯಲ್ಲಿ ಹಾಗೇ ಆಯ್ತು. ಚೌಕದ ನಡುವೆ ಗೋಡೆ ಬಂತು, ಎರಡೂ ಕಡೆಯವರು ತಗಡು ಹೊದಿಸಿದ್ರು. ಈಗ ಹಗಲಲ್ಲೂ ಲೈಟು, ಬೇಸಿಗೆಯಲ್ಲಿ ಒಲೆ.

ಎರಡನೇ ಕಾರಣ ದುಡಿಮೆ. ಮೇಲ್ಮುದ್ದಿಗೆ ಪ್ರತಿ ವರ್ಷ ಮಳೆಗಾಲಕ್ಕೆ ಮುಂಚೆ ಹುಲ್ಲು ಕಿತ್ತು ಮಣ್ಣು ಹಾಕಬೇಕು. ಒಂದು ವರ್ಷ ಬಿಟ್ರೆ ಸೋರತ್ತೆ. ತೊಲೆಗೆ ಗೆದ್ದಲು, ಜಂತಿಯಲ್ಲಿ ಇಲಿ, ಕೆಲವೊಮ್ಮೆ ಚೇಳು. ಬಚ್ಚಲು ಹಿತ್ತಲಲ್ಲಿ. ಆ ಕೆಲಸ ಬಲ್ಲ ಗೌಂಡಿಗಳು ಊರಲ್ಲಿ ಬೆರಳೆಣಿಕೆಯಷ್ಟು, ಅವರೂ ಮುದುಕರು. ಕಾಕಾ ನಾಲ್ಕು ಪಾವರ್‌ಲೂಮ್ ನಡೆಸ್ತಾರೆ. ನೂಲಿನ ರೇಟು ಏರಿದಾಗ, ಸೀರೆಯ ರೇಟು ಬಿದ್ದಾಗ ಮಾಳಿಗೆಗೆ ಮಣ್ಣು ಹಾಕು ಅಂತ ಅವರಿಗೆ ಬೆಂಗಳೂರಿಂದ ಫೋನಲ್ಲಿ ಹೇಳೋದು ನಾಚಿಕೆಗೇಡು.

ಮೂರನೇ ಕಾರಣ ನೀರು. ದೊಡ್ಡ ಅತ್ತೆಯನ್ನ ಕೊಟ್ಟಿದ್ದು ಮುಧೋಳ ತಾಲೂಕಿನ ಘಟಪ್ರಭಾ ದಂಡೆಯ ಹಳ್ಳಿಗೆ. 2019ರ ಆಗಸ್ಟಿನಲ್ಲಿ ಹೊಳೆ ಬಂದಾಗ ಅವರ ಮಣ್ಣಿನ ಮನೆ ಎರಡು ದಿನ ನೀರಲ್ಲಿ ನಿಂತು ಮೂರನೇ ದಿನ ಕುಸೀತು. ಪೂರ್ತಿ ಬಿದ್ದ ಮನೆಗೆ ಸರ್ಕಾರ ಐದು ಲಕ್ಷ ಘೋಷಿಸಿತು, ಆರ್‌ಸಿಸಿ ಮನೆ ಎದ್ದಿತು. ಆ ಮನೆ ಬೇಸಿಗೆಯಲ್ಲಿ ಕಾದ ಹಂಚು. ಆದ್ರೂ ಅತ್ತೆಗೆ ಅದೇ ಇಷ್ಟ. "ನಿನಗ ಗೊತ್ತಿಲ್ಲ ತಮ್ಮಾ, ರಾತ್ರಿ ಗ್ವಾಡಿ ಕುಸಿಯೂ ಸಪ್ಪಳ ಹೆಂಗಿರತೈತಿ ಅಂತ" ಅಂತಾಳೆ. ನನಗೆ ಉತ್ತರ ಇಲ್ಲ.

ಸಣ್ಣ ಅತ್ತೆಯದು ಬೀಳಗಿ ಕಡೆ. ಅವಳ ಗಂಡನ ಮನೆಗೆ ನಮ್ಮದಕ್ಕಿಂತ ದೊಡ್ಡ ಚೌಕ ಇತ್ತು. ಆಲಮಟ್ಟಿಯ ಹಿನ್ನೀರಲ್ಲಿ ಹೋಯ್ತು. ಈಗ ಪುನರ್ವಸತಿ ಕೇಂದ್ರದಲ್ಲಿ ಮನೆ. ಜಲಾಶಯದ ಮಟ್ಟ ಈಗ 519.60 ಮೀಟರ್. 2010ರಲ್ಲಿ ನ್ಯಾಯಮಂಡಳಿ 524.256 ಮೀಟರಿಗೆ ಏರಿಸಬಹುದು ಅಂತ ಹೇಳಿದೆ. ಆ ಎತ್ತರಕ್ಕೆ ನೀರು ನಿಂತರೆ ಬೀಳಗಿ, ಜಮಖಂಡಿ ಕಡೆಯ ಇನ್ನಷ್ಟು ಮನೆಗಳು ಹೋಗ್ತಾವೆ. ಹಳೇ ಬಾಗಲಕೋಟೆಯ ಎಷ್ಟು ಓಣಿಗಳು ಹೋದವು, ಜನ ನವನಗರಕ್ಕೆ ಬಂದ್ರು ಅನ್ನೋದು ನಿಮಗೂ ಗೊತ್ತು. ಹೀಗಾಗಿ ನಮ್ಮ ಜಿಲ್ಲೆಯಲ್ಲಿ ಹಳೇ ಮನೆ ಬಗ್ಗೆ ಮಾತಾಡೋದು ಅಂದ್ರೆ ಬರೀ ಹಂಬಲ ಅಲ್ಲ. ನೀರು ಮುಟ್ಟದ ಎತ್ತರದಲ್ಲಿ ಇನ್ನೂ ನಿಂತಿರೋ ಮನೆಗಳು ಎಣಿಕೆಗೆ ಸಿಗುವಷ್ಟು. ಅವನ್ನ ನಾವೇ ಜೆಸಿಬಿ ತಂದು ಕೆಡವ್ತಿದೀವಿ.

ಈಗ ಮೇ ತಿಂಗಳಿಗೆ ಬರ್ತೀನಿ. ಜಮಖಂಡಿಯಲ್ಲಿ ನನ್ನ ತಂಗಿಯ ಮದುವೆ ಇತ್ತು. ಆಫೀಸಿನಿಂದ ಆರು ಜನ ಬಂದಿದ್ರು. ಅವರಿಗೆ ಒಂದು ಲಾಡ್ಜ್ ಬುಕ್ ಮಾಡಿದ್ದೆ. ಹೆಸರು ಬೇಡ, ಪಾಪ. ಕಿಟಕಿ ತೆಗೆದ್ರೆ ಎದುರಿಗೆ ಇನ್ನೊಂದು ಗೋಡೆ, ರಾತ್ರಿ ಕರೆಂಟ್ ಹೋಯ್ತು, ಜನರೇಟರ್ ಕೆಟ್ಟಿತ್ತು. ಹನ್ನೊಂದಕ್ಕೆ ಫೋನ್: "ಮಗಾ, ಇಲ್ಲಿ ಇದ್ರೆ ಬೆಂದು ಹೋಗ್ತೀವಿ." ಎಲ್ಲರನ್ನೂ ಕಾರಲ್ಲಿ ತುಂಬಿಕೊಂಡು ಬನಹಟ್ಟಿ ಮನೆಗೆ ಕರಕೊಂಡು ಬಂದೆ. ಚಿಗವ್ವ ಎದ್ದು ಮಾಳಿಗೆ ಮೇಲೆ ಜಮಖಾನಿ ಹಾಸಿದಳು, ಕೌದಿ ಕೊಟ್ಟಳು. ಮೇಲೆ ನಕ್ಷತ್ರ, ದೂರದಲ್ಲಿ ಎಲ್ಲೋ ಮಗ್ಗದ ಖಟಖಟ. ಬೆಳಿಗ್ಗೆ ಚೌಕದಲ್ಲಿ ಕೂತು ಬಿಸಿ ರೊಟ್ಟಿ, ಬದನೆಕಾಯಿ ಎಣಗಾಯಿ, ಶೇಂಗಾ ಹಿಂಡಿ, ಕೆನೆಮೊಸರು. ಮಧ್ಯಾಹ್ನ ಮೊಬೈಲು 41 ಡಿಗ್ರಿ ತೋರಿಸ್ತಿದ್ದಾಗ ಆರೂ ಜನ ಪಡಸಾಲಿಯ ಫರಸಿ ಮೇಲೆ ಗೊರಕೆ ಹೊಡೀತಿದ್ರು.

ಹೊರಡೋ ಮುಂದೆ ಒಬ್ಬಳು ಕೇಳಿದಳು, "ಇದನ್ನ ಹೋಮ್‌ಸ್ಟೇ ಯಾಕೆ ಮಾಡಬಾರದು? ನಾವು ಚಿಕ್ಕಮಗಳೂರಲ್ಲಿ ಇದರ ಅರ್ಧದಷ್ಟೂ ಚೆನ್ನಾಗಿಲ್ಲದ ಕಡೆ ಮೂರು ಸಾವಿರ ಕೊಡ್ತೀವಿ." ನನ್ನ ತಲೆಯಲ್ಲಿ ಬಲ್ಬು ಹತ್ತಿಕೊಂಡ್ತು. ಆ ರಾತ್ರಿಯೇ ಕಾಕಾನ ಮುಂದೆ ಎಲ್ಲ ಹರವಿದೆ. ಮರಾಕೆಶ್ ಫೋಟೋ ತೋರಿಸಿದೆ. ಕಾರೈಕುಡಿಯ ಚೆಟ್ಟಿಯಾರರ ಮನೆಗಳ ಬಗ್ಗೆ ಹೇಳಿದೆ. ನಮ್ಮದೇ ಆನೆಗೊಂದಿಯಲ್ಲಿ ಹಳ್ಳಿಯ ಹಳೇ ಮನೆಗಳನ್ನ ದುರಸ್ತಿ ಮಾಡಿ ಬಂದವರಿಗೆ ಉಳಿಯೋಕೆ ಕೊಡ್ತಿದಾರೆ, ನೋಡಿ ಅಂದೆ.

ಕಾಕಾ ಎಲೆ-ಅಡಿಕೆ ಹಾಕಿಕೊಂಡು ಕೇಳಿದ್ರು. ಆಮೇಲೆ ಒಂದೇ ಮಾತು. "ಮನಿಗೆ ಬಂದವರಿಗೆ ಉಣ್ಣಾಕ ಹಾಕಿ ರೊಕ್ಕಾ ಎಣಿಸೋದಾ? ಅಜ್ಜ ಇದ್ದಿದ್ರ ಏನಂತಿದ್ದ?"

ನಾನು ಉತ್ತರ ಹುಡುಕ್ತಿದ್ದೆ. ಅಷ್ಟರಲ್ಲಿ ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಚಿಗವ್ವ ಅಂದಳು, "ಅಜ್ಜ ಏನಂತಿದ್ದಾ ಬಿಡ್ರಿ. ರೊಟ್ಟಿ ಯಾರು ಬಡೀಬೇಕು, ಅದನ್ನ ಹೇಳು ತಮ್ಮಾ."

ಒಂದು ಕ್ಷಣ ಎಲ್ಲರೂ ಸುಮ್ಮನಾದ್ವಿ. ಆರು ಜನಕ್ಕೆ ಮೂವತ್ತು ರೊಟ್ಟಿ ಬಡಿದವಳು ಅವಳು. ಮದುವೆ ಮನೆಯ ಕೆಲಸ ಮುಗಿಸಿ ಬಂದು, ಹನ್ನೆರಡಕ್ಕೆ ಎದ್ದು ಹಾಸಿಗೆ ಹಾಸಿದವಳೂ ಅವಳೇ. ನನ್ನ ಸ್ನೇಹಿತರು ಫೋಟೋ ಹಾಕಿ "ಎಂಥ ಆತಿಥ್ಯ" ಅಂತ ಬರೆದ್ರು. ನಾನು ಲೈಕ್ ಎಣಿಸಿದೆ. ಅವಳ ಮೊಣಕಾಲು ನೋವು ಯಾರೂ ಎಣಿಸಲಿಲ್ಲ.

ಆ ಮಾತಿನ ಮೇಲೆ ಮೂರು ತಿಂಗಳು ಯೋಚನೆ ಮಾಡಿದೀನಿ. ಯೋಚನೆ ಮಾಡೋವಾಗ ಮರಾಕೆಶ್‌ನ ಇನ್ನೊಂದು ಸಂಗತಿ ನೆನಪಾಯ್ತು. ಅಲ್ಲಿ ರಾತ್ರಿ ಊಟ ಬಡಿಸ್ತಿದ್ದ ಹುಡುಗ ಹರಕು ಇಂಗ್ಲಿಷಲ್ಲಿ ಹೇಳಿದ್ದ: ನನ್ನಜ್ಜಿ ಇಂಥದೇ ಮನೆಯಲ್ಲಿ, ಪಕ್ಕದ ಓಣಿಯಲ್ಲೇ ಇದ್ದಳು, ಪಾಲಾಯ್ತು, ಮಾರಿದ್ರು, ಈಗ ನಾವು ಊರ ಹೊರಗೆ ಫ್ಲಾಟಲ್ಲಿದೀವಿ ಅಂತ. ಅವನಿಗೂ ಅದೇ ಕಾಯಿಲೆ ನೋಡಿ, ವಾಟ್ನಿ! ಅಲ್ಲಿ ಮಗನಿಗೆ ಎರಡು ಪಾಲಾದ್ರೆ ಮಗಳಿಗೆ ಒಂದು, ಲೆಕ್ಕ ಬೇರೆ, ಫಲಿತಾಂಶ ಒಂದೇ. 1912ರಲ್ಲಿ ಫ್ರೆಂಚರ ಆಳ್ವಿಕೆ ಬಂದ ಮೇಲೆ ಕೋಟೆಯ ಹೊರಗೆ ಹೊಸ ಊರು ಕಟ್ಟಿದ್ರು. ಕಾಲ ಕಳೆದಂತೆ ಉಳ್ಳವರು ಅಲ್ಲಿಗೆ ಹೋದ್ರು, ಹಳೇ ಮನೆಗಳು ಕೋಣೆ ಕೋಣೆಯಾಗಿ ಬಾಡಿಗೆಗೆ ಹೋದವು. 1985ರಲ್ಲಿ ಯುನೆಸ್ಕೋ ಆ ಮದೀನಾವನ್ನ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸ್ತು. ತೊಂಬತ್ತರ ದಶಕದಿಂದ ಯುರೋಪಿನವರು ಬಂದು ಕೊಂಡುಕೊಂಡು ಅತಿಥಿಗೃಹ ಮಾಡಿದ್ರು. ಗೋಡೆ ಉಳೀತು, ಕಿತ್ತಳೆ ಗಿಡ ಉಳೀತು, ಹಳೇ ಕುಶಲಕರ್ಮಿಗಳಿಗೆ ಕೆಲಸ ಸಿಕ್ತು. ಆ ಮನೆಗಳಲ್ಲಿ ಹುಟ್ಟಿ ಬೆಳೆದ ಕುಟುಂಬಗಳು ಎಷ್ಟೋ ಹೊರಗೆ ಹೋದವು. ಅಜ್ಜಿಯ ಮನೆಯಂಥ ಮನೆಯಲ್ಲಿ ಮೊಮ್ಮಗ ತಟ್ಟೆ ಹಿಡಿದು ನಿಂತಿದ್ದಾನೆ.

ಹೀಗೆ ಉಳಿಸಿಕೊಂಡ್ರೆ ಏನು ಬಂತು ಭಾಗ್ಯ ಅಂತ ನೀವು ಕೇಳಬಹುದು. ಆದ್ರೆ ಕೆಡವಿದ್ರೆ ಇನ್ನೂ ಕೆಟ್ಟದ್ದು. ನಮ್ಮ ತಲಬಾಗಿಲಿಗೆ, ಕಂಬಗಳಿಗೆ ಹಳೇ ಕಟ್ಟಿಗೆ ವ್ಯಾಪಾರಿ ಒಬ್ಬ ಈಗಾಗಲೇ ಎರಡು ಸಲ ಬಂದು ರೇಟ್ ಹೇಳಿದಾನೆ. ಅವು ಎಲ್ಲಿಗೆ ಹೋಗ್ತಾವೆ ಅಂತ ನನಗೆ ಗೊತ್ತು. ಬೆಂಗಳೂರಿನ ಹೊರವಲಯದ ರೆಸಾರ್ಟ್ ಒಂದರಲ್ಲಿ ಟೀಮ್ ಔಟಿಂಗ್‌ಗೆ ಹೋದಾಗ ಇಂಥದೇ ಬಾಗಿಲನ್ನ ಮಲಗಿಸಿ, ಮೇಲೆ ಗಾಜು ಹಾಕಿ, ಊಟದ ಮೇಜು ಮಾಡಿದ್ರು. ಸಾರಿನ ಬಟ್ಟಲ ಕೆಳಗೆ ಯಾರದೋ ಮನೆಯ ಗಣಪತಿ ಪಟ್ಟಿ.

ನನ್ನ ಅಭಿಪ್ರಾಯ ಇಷ್ಟು. ಇಂಥ ಮನೆ ಉಳೀಬೇಕಾದ್ರೆ ಅದು ದುಡೀಬೇಕು. ದುಡಿಯೋಕೆ ಪ್ರವಾಸಿಗರು ಒಂದು ದಾರಿ. ಆದ್ರೆ ಮನೆಯವರು ಮನೆಯಲ್ಲೇ ಇರಬೇಕು, ದುಡ್ಡು ರೊಟ್ಟಿ ಬಡಿಯೋ ಕೈಗೆ ಸೇರಬೇಕು. ಇವೆರಡರಲ್ಲಿ ಒಂದು ತಪ್ಪಿದ್ರೂ ಕೆಡವೋದೇ ವಾಸಿ ಅಂತ ಬೇಕಾದ್ರೆ ನಾನೇ ಹೇಳ್ತೀನಿ.

ಕಾಕಾನ ಪ್ರಶ್ನೆಗೆ ಈಗ ನನ್ನ ಹತ್ತಿರ ಉತ್ತರ ಇದೆ. ಬೀಗರು, ಜಂಗಮರು, ಹಸಿದು ಬಂದವರು, ಇವರಿಗೆ ಹಾಕೋ ಊಟಕ್ಕೆ ಯಾರೂ ದುಡ್ಡು ಕೇಳ್ತಿಲ್ಲ. ಅದು ದಾಸೋಹ, ಅದು ಹಾಗೇ ಇರಲಿ. ಆದ್ರೆ ಬೆಂಗಳೂರಿಂದ, ಪುಣೆಯಿಂದ ಕಾರಲ್ಲಿ ಬಾದಾಮಿ ನೋಡೋಕೆ ಬಂದವನು ಹಸಿದು ಬಂದವನಲ್ಲ. ಅವನಿಂದ ದುಡ್ಡು ತಗೊಂಡ್ರೆ ಅಜ್ಜನಿಗೆ ಅವಮಾನ ಇಲ್ಲ. ಇಷ್ಟು ವರ್ಷ ಅಜ್ಜನಿಗೆ ಬಂದ "ದೊಡ್ಡ ಮನಿತನ" ಅನ್ನೋ ಹೆಸರಿನ ಹಿಂದೆ ಆಯಿ, ದೊಡ್ಡಮ್ಮ, ಅವ್ವ, ಚಿಗವ್ವ ಹೊಗೆಯಲ್ಲಿ ಕೂತು ಬಡಿದ ರೊಟ್ಟಿಗಳಿವೆ. ಅದಕ್ಕೆ ಒಂದು ರೂಪಾಯಿ ಕೂಲಿ ಬರಲಿಲ್ಲ. ನನ್ನನ್ನ ಕೇಳಿದ್ರೆ ನಾಚಿಕೆ ಪಡಬೇಕಾದದ್ದು ಅದಕ್ಕೆ.

ಯಾರು ಬರ್ತಾರೆ ಇಲ್ಲಿಗೆ ಅಂತ ದೊಡ್ಡಪ್ಪನ ಪ್ರಶ್ನೆ. ನ್ಯಾಯವಾದದ್ದೇ. ಬಾದಾಮಿ-ಐಹೊಳೆ-ಪಟ್ಟದಕಲ್ಲು ಒಂದು ಕಡೆ, ವಿಜಯಪುರ ಇನ್ನೊಂದು ಕಡೆ, ಪ್ರವಾಸಿಗರು ನಡುವೆ ಇರೋ ನಮ್ಮನ್ನ ದಾಟಿ ಹೋಗ್ತಾರೆ. ಚಹಾ ಕುಡಿಯೋಕೆ ನಿಂತ್ರೆ ಹೆಚ್ಚು. ಆದ್ರೆ ನಿಲ್ಲಿಸೋಕೆ ನಮ್ಮಲ್ಲಿ ಏನೂ ಇಲ್ವಾ? ಜಮಖಂಡಿಯ ರಾಮತೀರ್ಥದ ಗುಡ್ಡದ ಮೇಲೆ ಅರಮನೆ ಇದೆ. ಮುಧೋಳ ರನ್ನನ ಊರು, ಮುಧೋಳ ನಾಯಿಯ ಊರೂ ಹೌದು, ತಿಮ್ಮಾಪುರದಲ್ಲಿ ಆ ತಳಿಯ ಸಂಶೋಧನಾ ಕೇಂದ್ರವೇ ಇದೆ. ಬೀಳಗಿಯಲ್ಲಿ ಅರೆತ್ತಿನ ಬಾವಿ. ತೇರದಾಳದಲ್ಲಿ ಅಲ್ಲಮಪ್ರಭುವಿನ ಗುಡಿ. ಮಹಾಲಿಂಗಪುರದ ಬೆಲ್ಲದ ಪೇಟೆ, ಕಬ್ಬಿನ ಕಾಲದಲ್ಲಿ ಆಲೆಮನೆಯ ಬಿಸಿ ಬೆಲ್ಲ. ರಬಕವಿ-ಬನಹಟ್ಟಿಯ ಓಣಿಯಲ್ಲಿ ಸುಮ್ಮನೆ ನಡೆದ್ರೂ ಸಾಕು, ಮನೆಮನೆಯಲ್ಲಿ ಮಗ್ಗದ ಸದ್ದು. ನೂರು ಜನ ಬೇಡ. ತಿಂಗಳಿಗೆ ನಾಲ್ಕೈದು ಕುಟುಂಬ ಬಂದ್ರೂ ಮಾಳಿಗೆಗೆ ಮಣ್ಣು ಹಾಕೋ ಖರ್ಚು ಹುಟ್ಟತ್ತೆ.

ಹಾಗಾಗಿ ವಾಟ್ನಿ ಸಭೆಗೆ ಒಂದು ಹಾಳೆ ಬರೆದಿಟ್ಟಿದೀನಿ. ಇಲ್ಲೂ ಹೇಳ್ತೀನಿ, ತಪ್ಪಿದ್ರೆ ತಿದ್ದಿ.

ಒಂದು, ಕೋಣೆಗಳನ್ನ ಹಂಚಿಕೊಳ್ಳಿ, ಚೌಕವನ್ನ ವಾಟ್ನಿ ಪತ್ರದಲ್ಲಿ ಸಾಮಾಯಿಕ ಅಂತ ಬರೆಸಿ. ಯಾರೂ ಗೋಡೆ ಕಟ್ಟಬಾರದು, ತಗಡು ಹೊದಿಸಬಾರದು. ಎರಡು, ಐದೂ ಪಾಲುದಾರರು ಮೊದಲು ಮೂರು ವರ್ಷ ತಡೀರಿ, ಅಷ್ಟರೊಳಗೆ ಆಗಲಿಲ್ಲ ಅಂದ್ರೆ ನಾನು ಬಾಯಿ ಮುಚ್ಚಿಕೊಳ್ತೀನಿ. ಮೂರು, ಅಪ್ಪನ ಪಾಲಿಗೆ ಬರೋ ಎರಡು ಕೋಣೆಗೆ ಮಾತ್ರ ಮೊದಲು ಕೈ ಹಾಕೋದು. ಒಂದು ಒಳ್ಳೆ ಬಚ್ಚಲು, ಕಮೋಡು, ಗೆದ್ದಲು ಹಿಡಿದ ಎರಡು ತೊಲೆ ಬದಲಿಸೋದು, ದೊಡ್ಡ ಅತ್ತೆಯ ಭಯಕ್ಕೆ ಮರ್ಯಾದೆ ಕೊಟ್ಟು ಗೋಡೆಗಳನ್ನ ಗಟ್ಟಿ ಮಾಡಿಸೋದು. ಇದರ ಖರ್ಚು ನನ್ನದು. ಬೆಂಗಳೂರಲ್ಲಿ ಕಾರು ಕೊಳ್ಳೋಕೆ ಇಟ್ಟಿದ್ದ ದುಡ್ಡು, ಟ್ರಾಫಿಕ್ಕಲ್ಲಿ ಕೂರೋ ಬದಲು ತೊಲೆಗೆ ಹೋಗ್ಲಿ. ನಾಲ್ಕು, ಸರ್ಕಾರದಲ್ಲಿ ನೋಂದಣಿ, ಬ್ಯಾಂಕ್ ಖಾತೆ ಎರಡೂ ಚಿಗವ್ವನ ಹೆಸರಲ್ಲಿ. ರೊಟ್ಟಿಗೆ ಓಣಿಯ ಇನ್ನಿಬ್ಬರು ಹೆಣ್ಣುಮಕ್ಕಳು, ಅವರಿಗೂ ಕೂಲಿ. ಅವಳಿಗೆ ಬೇಡ ಅನ್ನಿಸಿದ ವಾರ ಬಾಗಿಲು ಮುಚ್ಚಿರತ್ತೆ, ಅದನ್ನ ಯಾರೂ ಪ್ರಶ್ನೆ ಮಾಡಬಾರದು.

ಇದನ್ನ ಮೊದಲು ಚಿಗವ್ವನಿಗೇ ಫೋನ್ ಮಾಡಿ ಓದಿ ಹೇಳಿದೆ. ಪೂರ್ತಿ ಕೇಳಿದಳು. "ಖಾತಾ ನನ್ನ ಹೆಸರಿಲೇನ?" ಅಂತ ಎರಡು ಸಲ ಕೇಳಿದಳು. ಆಮೇಲೆ, "ಮಗ್ಗದ ಸಪ್ಪಳಕ್ಕ ಮಂದಿಗೆ ನಿದ್ದಿ ಬರತೈತೇನ?" ಅಂದಳು. ಇದನ್ನ ಒಪ್ಪಿಗೆ ಅಂತ ತಗೋಬಹುದಾ, ಗೊತ್ತಿಲ್ಲ :-)

ಸಣ್ಣ ಅತ್ತೆಗೂ ಮಾಡಿದೆ. ಅವಳು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ತನ್ನ ಮುಳುಗಿದ ಮನೆಯ ಚೌಕದಲ್ಲಿ ತುಳಸಿಕಟ್ಟೆ ಯಾವ ಮೂಲೆಯಲ್ಲಿತ್ತು, ನೀರಿನ ಹಂಡೆ ಎಲ್ಲಿತ್ತು ಅಂತ ಹೇಳೋಕೆ ಶುರು ಮಾಡಿದಳು. ಅರ್ಧ ತಾಸು. "ಕೆಡವೂದಕ್ಕ ಸಹಿ ಮಾಡ್ತೀನಿ ಅಂತ ಅಣ್ಣಗ ಮಾತು ಕೊಟ್ಟೀನಿ" ಅಂತ ಕೊನೆಗೆ ಅಂದಳು. "ಆದ್ರೂ ಸಭಾಕ್ಕ ಬರ್ತೀನಿ, ಅಲ್ಲೇ ನೋಡೂಣು."

ಸಭೆಗೆ ಇನ್ನು ಇಪ್ಪತ್ಮೂರು ದಿನ. ಐದರಲ್ಲಿ ಎರಡು ಮತ ಆಗಬಹುದೇನೋ, ಮೂರು ಬೇಕು. ಅಪ್ಪ ಇನ್ನೂ ಪೇಪರ್ ಓದ್ತಿದಾರೆ.

ನಿಮ್ಮಲ್ಲಿ ಯಾರಾದ್ರೂ ತೊಟ್ಟಿಮನೆ, ಗುತ್ತಿನಮನೆ, ವಾಡೆ ಅಂತ ಇಟ್ಟುಕೊಂಡು ಹೀಗೆ ಅತಿಥಿಗಳಿಗೆ ಬಾಗಿಲು ತೆರೆದಿದ್ರೆ ದಯವಿಟ್ಟು ಬರೀರಿ. ಲಾಭದ ಲೆಕ್ಕಕ್ಕಿಂತ ನನಗೆ ಬೇಕಾಗಿರೋದು ಜಗಳದ ಲೆಕ್ಕ. ಪಾಲುದಾರರನ್ನ ಹೇಗೆ ಒಪ್ಪಿಸಿದ್ರಿ? ಎಲ್ಲಿ ಸೋತ್ರಿ? ಮನೆಯ ಹೆಂಗಸರು ಏನಂತಾರೆ, ಅವರ ಬಾಯಿಂದಲೇ ಕೇಳಿ ಬರೀರಿ. ಮತ್ತೆ ಮೇಲ್ಮುದ್ದಿ ಕೆಲಸ ಬಲ್ಲ ಗೌಂಡಿ ಯಾರಾದ್ರೂ ಬಾಗಲಕೋಟೆ-ವಿಜಯಪುರ ಕಡೆ ಗೊತ್ತಿದ್ರೆ ಅದನ್ನಂತೂ ತಪ್ಪದೇ ತಿಳಿಸಿ, ಮಳೆಗಾಲ ಯಾವ ಸಭೆಗೂ ಕಾಯಲ್ಲ.